ತೂಗಿ ತುಂಬೋಣ, ಪರೀಕ್ಷಿಸಿ ಕೊಡೋಣ

(ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗ್ಯಾರೇಜ್ ಯುವಕರು ಹಾಗೂ ವಾಹನ ಚಾಲಕರಿಗಾಗಿ ನಡೆದ ವಾಹನ ಎ.ಸಿ. ದುರಸ್ತಿ ತರಬೇತಿಯ ಸಮಾರೋಪದಲ್ಲಿ ನಮ್ಮ ಸಂಸ್ಥೆಯ ಸಿಸ್ಟರ್ ಒಬ್ಬರು ಆಡಿದ ಮಾತುಗಳ ಬರಹ ರೂಪ)



ಬೆಳಿಗ್ಗೆಯಿಂದ ಗೇಜು, ಪೈಪು, ಸಿಲಿಂಡರ್ ಹಿಡಿದು ಕೆಲಸ ಮಾಡಿದ್ದೀರಿ. ಇನ್ನು ಸಿಸ್ಟರ್ ಭಾಷಣ ಬೇರೆ ಕೇಳಬೇಕಲ್ಲಪ್ಪಾ ಅಂತ ಕೆಲವರ ಮುಖದಲ್ಲಿ ಕಾಣ್ತಾ ಇದೆ. ನಾನು ಮೆಕ್ಯಾನಿಕ್ ಅಲ್ಲ. ಓದಿದ್ದು ಸಮಾಜಕಾರ್ಯ. ಆದರೂ ಈ ತರಬೇತಿ ಬೇಕೇ ಬೇಕು ಅಂತ ಹಟ ಹಿಡಿದವಳು ನಾನೇ. ಯಾಕೆ ಅಂತ ಮೊದಲು ಹೇಳ್ತೀನಿ.

2017ರ ಏಪ್ರಿಲ್ ತಿಂಗಳು. ರೋಗಿಗಳನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಲು ನಮ್ಮಲ್ಲಿ ಒಂದು ಹಳೆಯ ವ್ಯಾನ್ ಇತ್ತು. ಮುಂದಿನ ಸೀಟಿನ ಕೆಳಗೇ ಎಂಜಿನ್ ಇರುವಂಥದ್ದು. ಕಂಪನಿಯಿಂದ ಬರುವಾಗ ಅದಕ್ಕೆ ಎ.ಸಿ. ಇರಲಿಲ್ಲ. ಘಾಟಿಯ ಧೂಳಿನಲ್ಲಿ ಉಸಿರಾಟದ ತೊಂದರೆ ಇರುವವರಿಗೆ ಕಷ್ಟ ಆಗುತ್ತೆ ಅಂತ ಒಬ್ಬ ದಾನಿಗಳು ಹಣ ಕೊಟ್ಟರು. ಹೊರಗಿನಿಂದ ಎ.ಸಿ. ಕಿಟ್ ತಂದು ಹಾಕಿಸಿದೆವು. ಆ ವರ್ಷ ಜನವರಿಯ ಒಂದು ಬೆಳಿಗ್ಗೆ, ಮಂಜು ಇನ್ನೂ ಬಿಟ್ಟಿರದ ಹೊತ್ತಿನಲ್ಲಿ, ಗ್ಯಾರೇಜಿನ ಹುಡುಗ ಗ್ಯಾಸ್ ತುಂಬಿದ. ಪೈಪನ್ನು ಕೈಯಲ್ಲಿ ಮುಟ್ಟಿ ನೋಡಿ, "ಐಸ್ ಥರ ಇದೆ ಸಿಸ್ಟರ್, ಇನ್ನೊಂದಿಷ್ಟು ಜಾಸ್ತೀನೇ ಹಾಕಿದೀನಿ, ಎರಡು ವರ್ಷ ಯೋಚನೆ ಇಲ್ಲ" ಅಂದ. ನಾವೂ ಸಂತೋಷಪಟ್ಟೆವು.

ಏಪ್ರಿಲ್‌ನಲ್ಲಿ ಹಾನುಬಾಳು ಕಡೆಯ ಒಬ್ಬ ವಯಸ್ಸಾದ ತಾಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದೆವು. ಜೀವನಪೂರ್ತಿ ಕಾಫಿ ತೋಟದಲ್ಲಿ ದುಡಿದ ಜೀವ. ದೋಣಿಗಾಲ್, ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿದೆವು. ಗುಂಡ್ಯದ ಹತ್ತಿರ ಲಾರಿಗಳ ಸಾಲು ನಿಂತುಬಿಟ್ಟಿತ್ತು. ಮಧ್ಯಾಹ್ನದ ಬಿಸಿಲು, ಕಿಟಕಿ ಮುಚ್ಚಿದೆ, ಎ.ಸಿ. ಓಡ್ತಾ ಇದೆ, ಗಾಡಿ ನಿಂತಲ್ಲೇ ನಿಂತಿದೆ. ಸ್ವಲ್ಪ ಹೊತ್ತಿಗೆ ಸೀಟಿನ ಕೆಳಗಿನಿಂದ 'ಭುಸ್' ಅಂತ ದೊಡ್ಡ ಶಬ್ದ. ಬಿಳೀ ಹೊಗೆಯಂಥದ್ದು ಒಳಗೆಲ್ಲ ತುಂಬಿತು. ಎಣ್ಣೆಯ ವಾಸನೆ. ಬೆಂಕಿ ಹತ್ತಿತು ಅಂತಲೇ ನಾವು ತಿಳಿದೆವು. ಡ್ರೈವರ್ ಬಾಗಿಲು ತೆಗೆದು ಹಾರಿದ. ನಾನೂ ಆತನೂ ಸೇರಿ ಆ ತಾಯಿಯನ್ನು ಎತ್ತಿ ರಸ್ತೆ ಬದಿಯ ಮರದ ನೆರಳಿಗೆ ತಂದು ಕೂರಿಸಿದೆವು. ಬೇರೆ ಜೀಪು ಹಿಡಿದು ಆಸ್ಪತ್ರೆ ಮುಟ್ಟುವಾಗ ಎರಡೂವರೆ ಗಂಟೆ ತಡವಾಗಿತ್ತು.

ಆಕೆ ಬದುಕಿದರು. ಆದರೆ ಆಮೇಲೆ ನಮ್ಮ ವ್ಯಾನಿನಲ್ಲಿ ಕೂತಾಗಲೆಲ್ಲ, "ಮಗಾ, ಕಿಟಕಿ ತೆಗೀರಿ, ದೇವ್ರು ಕೊಟ್ಟ ಗಾಳಿ ಸಾಕು" ಅನ್ನುತ್ತಿದ್ದರು. ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಕೋಪದಿಂದಲೇ ಗ್ಯಾರೇಜಿಗೆ ಹೋದೆ. ಆ ಹುಡುಗನಿಗೆ ಇಪ್ಪತ್ತು ವರ್ಷ ಇದ್ದಿರಬಹುದು. ತಲೆ ತಗ್ಗಿಸಿ ಒಂದೇ ಮಾತು ಹೇಳಿದ: "ಸಿಸ್ಟರ್, ನಮ್ಮ ಮೇಸ್ತ್ರಿ ಕೈಯಲ್ಲಿ ಮುಟ್ಟಿ ನೋಡಿ ಹಾಕ್ತಿದ್ರು, ನಾನೂ ಹಾಗೇ ಹಾಕ್ದೆ. ಬೇರೆ ಯಾರೂ ನಂಗೆ ಹೇಳ್ಕೊಟ್ಟಿಲ್ಲ." ನನ್ನ ಕೋಪ ಅಲ್ಲೇ ಇಳಿಯಿತು. ತಪ್ಪು ಅವನೊಬ್ಬನದಲ್ಲ. ಕಲಿಸದೆ ಕೆಲಸಕ್ಕೆ ಹಚ್ಚಿದ ನಮ್ಮೆಲ್ಲರದು. ಆದುದರಿಂದ ಈ ತರಬೇತಿ.

ಆವತ್ತು ಆಗಿದ್ದೇನು?

ಎ.ಸಿ. ಅಂದರೆ ತಂಪನ್ನು ಉತ್ಪತ್ತಿ ಮಾಡುವ ಯಂತ್ರ ಅಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುವ ಯಂತ್ರ. ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ. ಬಿಸಿಯಾದ ಗ್ಯಾಸು ಮುಂದಿನ ಕಂಡೆನ್ಸರ್‌ನಲ್ಲಿ ಹೊರಗಿನ ಗಾಳಿಗೆ ಶಾಖ ಬಿಟ್ಟು ದ್ರವವಾಗುತ್ತದೆ. ಡ್ರೈಯರ್ ಬಾಟ್ಲಿ ಅದರಲ್ಲಿನ ತೇವ, ಕಸ ಹಿಡಿಯುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ಕಿಂಡಿಯಿಂದ ಹೊರಬಂದ ದ್ರವ ಕೂಲಿಂಗ್ ಕಾಯಿಲ್‌ನಲ್ಲಿ ಆವಿಯಾಗುತ್ತಾ ಒಳಗಿನ ಶಾಖ ಹೀರಿಕೊಳ್ಳುತ್ತದೆ. ಮತ್ತೆ ಕಂಪ್ರೆಸರ್‌ಗೆ ಬರುತ್ತದೆ. ಇಷ್ಟೇ.

ಈಗ ಯೋಚಿಸಿ. ಹೊರಗಿನ ಗಾಳಿ ತಣ್ಣಗಿದ್ದರೆ ಶಾಖ ಬಿಡುವುದು ಸುಲಭ, ಒತ್ತಡ ಕಡಿಮೆ. ಗಾಳಿ ಬಿಸಿ ಇದ್ದರೆ, ಅಥವಾ ಗಾಡಿ ನಿಂತು ಗಾಳಿಯೇ ಬೀಸದಿದ್ದರೆ, ಶಾಖ ಬಿಡಲು ಆಗದು, ಒತ್ತಡ ಏರುತ್ತದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. 20 ಡಿಗ್ರಿ ತಂಪಿನಲ್ಲಿ ಕೆಂಪು ಗೇಜು ಸುಮಾರು 130ರಿಂದ 160 ಪಿ.ಎಸ್.ಐ. ತೋರಿಸುವ ಎ.ಸಿ., ಕರಾವಳಿಯ 34-35 ಡಿಗ್ರಿಯಲ್ಲಿ 200ರಿಂದ 250 ತೋರಿಸುತ್ತದೆ. ಇದು ಗ್ಯಾಸು ಸರಿಯಾಗಿರುವಾಗಿನ ಮಾತು. ನಮ್ಮ ವ್ಯಾನಿನ ಕತೆ ಬೇರೆ. ಬೆಳಗಿನ ಚಳಿಯಲ್ಲಿ ಕೆಂಪು ಗೇಜು ಕಡಿಮೆ ತೋರಿಸಿತು. ಗ್ಯಾಸು ಸಾಲದು ಅಂತ ಹುಡುಗ ಮತ್ತೆ ತುಂಬಿದ. ಕಿಟ್‌ನ ಕಂಡೆನ್ಸರ್ ಚಿಕ್ಕದು. ಒತ್ತಡ ಮಿತಿ ಮೀರಿದರೆ ಕಂಪ್ರೆಸರನ್ನು ನಿಲ್ಲಿಸುವ ಸ್ವಿಚ್ಚು ಅದಕ್ಕೆ ಹಾಕಿರಲೇ ಇಲ್ಲ. ಸಕಲೇಶಪುರದಲ್ಲಿ ಮೂರು ತಿಂಗಳು ಏನೂ ಗೊತ್ತಾಗಲಿಲ್ಲ. ಗುಂಡ್ಯದ ಬಿಸಿಲಲ್ಲಿ, ಲಾರಿ ಸಾಲಿನಲ್ಲಿ, ಪೈಪಿನ ಜೋಡಣೆ ಕಿತ್ತುಕೊಂಡಿತು.

ಗುಡ್ಡದ ಮೇಲೆ ತುಂಬಿದ ಗ್ಯಾಸು ಘಾಟಿಯ ಕೆಳಗೂ ಓಡಬೇಕು. ಇವತ್ತು ನೀವು ಮನೆಗೆ ಒಯ್ಯಬೇಕಾದ ಒಂದೇ ಮಾತು ಇದು. ನಮ್ಮ ಗಾಡಿಗಳು ಮಂಗಳೂರಿಗೆ ಇಳಿಯದೆ ಇರುವುದಿಲ್ಲ. ಆದ್ದರಿಂದ ಇಲ್ಲಿಯ ತಂಪನ್ನು ನಂಬಿ, ಕೈ ಮುಟ್ಟಿ, ಅಂದಾಜಿನಲ್ಲಿ ಗ್ಯಾಸ್ ತುಂಬಬಾರದು. ತೂಗಿ ತುಂಬಬೇಕು.

ತೂಕವೇ ಏಕೆ?

ತಾಯಂದಿರೇ, ಇದು ನಿಮಗೆ ಬೇಗ ಅರ್ಥ ಆಗುತ್ತೆ. ಮನೆಯ ಅಡುಗೆ ಗ್ಯಾಸಿನ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತೆ. ಅರ್ಧ ಖಾಲಿಯಾದರೂ ಒಲೆಯ ಉರಿ ಮೊದಲ ದಿನದ ಹಾಗೇ ಇರುತ್ತಲ್ವಾ? ಉರಿ ನೋಡಿ ಎಷ್ಟು ಉಳಿದಿದೆ ಅಂತ ಹೇಳೋಕ್ಕಾಗಲ್ಲ. ಸಿಲಿಂಡರ್ ಎತ್ತಿ ನೋಡ್ತೀರಿ, ಇಲ್ಲ ತೂಕ ಹಾಕಿಸ್ತೀರಿ. ಎ.ಸಿ. ಗ್ಯಾಸಿನದೂ ಅದೇ ಗುಣ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಸಾಕು, ಎಂಜಿನ್ ನಿಂತಾಗ ಆರ್-134ಎ ಗ್ಯಾಸಿನ ಒತ್ತಡ 20 ಡಿಗ್ರಿಯಲ್ಲಿ ಸುಮಾರು 70 ಪಿ.ಎಸ್.ಐ., 30 ಡಿಗ್ರಿಯಲ್ಲಿ ಸುಮಾರು 97. ಇನ್ನೂರು ಗ್ರಾಂ ಇದ್ದರೂ ಅಷ್ಟೇ, ಆರುನೂರು ಗ್ರಾಂ ಇದ್ದರೂ ಅಷ್ಟೇ. ಗೇಜು ಹೇಳುವುದು ಹೊರಗಿನ ಸೆಕೆಯನ್ನು, ಒಳಗಿನ ಪ್ರಮಾಣವನ್ನಲ್ಲ.

ಕಂಪನಿ ಎ.ಸಿ. ಇರುವ ಕಾರಿನ ಬಾನೆಟ್ ಕೆಳಗೆ ಸಾಮಾನ್ಯವಾಗಿ ಒಂದು ಚೀಟಿ ಇರುತ್ತೆ. ಯಾವ ಗ್ಯಾಸು, ಎಷ್ಟು ಗ್ರಾಂ ಅಂತ ಬರೆದಿರುತ್ತೆ. ಹೊರಗೆ ಹಾಕಿಸಿದ ಎ.ಸಿ.ಗೆ ಆ ಚೀಟಿ ಇರುವುದಿಲ್ಲ. ತೊಂದರೆ ಶುರುವಾಗುವುದೇ ಇಲ್ಲಿ. ಕಿಟ್ ಜೊತೆ ಬಂದ ಕಾಗದವನ್ನು ಎಸೆದಿರುತ್ತಾರೆ. ಹಾಕಿದವರು ಯಾರೋ, ತುಂಬುವವರು ಯಾರೋ. ಹಾಗಾಗಿ ಆ ಚೀಟಿಯನ್ನು ನೀವೇ ಬರೆದು ಅಂಟಿಸಬೇಕು. ಹೇಗೆ ಅಂತ ಮುಂದೆ ಹೇಳ್ತೀನಿ.

ಮೊದಲು ಸೋರಿಕೆ ಹುಡುಕಿ

"ಸಿಸ್ಟರ್, ಗ್ಯಾಸ್ ಹಾಕ್ಸಿದ್ರೆ ಸರಿ ಆಗುತ್ತೆ" ಅಂತ ಎಲ್ಲರೂ ಹೇಳ್ತಾರೆ. ಆದರೆ ಎ.ಸಿ. ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಿಲ್ಲ. ರಬ್ಬರ್ ಪೈಪಿನಿಂದ ವರ್ಷಗಟ್ಟಲೆಯಲ್ಲಿ ಸ್ವಲ್ಪ ಹೋಗಬಹುದು. ಒಂದೇ ಬೇಸಿಗೆಯಲ್ಲಿ ಖಾಲಿಯಾಗಿದೆ ಅಂದರೆ ಎಲ್ಲೋ ತೂತು ಇದೆ. ಸಮಾಜಕಾರ್ಯ ಓದುವಾಗ ನಮಗೆ ಮೊದಲು ಕಲಿಸಿದ್ದು, ಕಷ್ಟದ ಕಾರಣ ತಿಳಿಯದೆ ಕೈಗೆ ಹಣ ಕೊಟ್ಟು ಕಳಿಸಬೇಡಿ ಅಂತ. ಮುಂದಿನ ತಿಂಗಳು ಅದೇ ಮನುಷ್ಯ ಅದೇ ಕಷ್ಟದಲ್ಲಿ ಬರ್ತಾನೆ. ಸೋರುವ ಎ.ಸಿ.ಗೆ ಗ್ಯಾಸ್ ತುಂಬುವುದೂ ಹಾಗೇ.

ಎಣ್ಣೆಯ ಜಿಡ್ಡು ಎಲ್ಲಿದೆ ನೋಡಿ. ಗ್ಯಾಸು ಸೋರುವಲ್ಲಿ ಕಂಪ್ರೆಸರ್ ಎಣ್ಣೆಯೂ ಬರುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ನಮ್ಮ ತೋಟದ ರಸ್ತೆಗಳ ಕುಲುಕಾಟಕ್ಕೆ ಜೋಡಣೆಗಳು ಸಡಿಲವಾಗುತ್ತವೆ, ಪೈಪು ಬಾಡಿಗೆ ಉಜ್ಜಿ ಸವೆಯುತ್ತದೆ, ಕಂಡೆನ್ಸರ್‌ಗೆ ಕಲ್ಲು ಬಡಿಯುತ್ತದೆ.

ಒತ್ತಡ ಕೊಟ್ಟು ಪರೀಕ್ಷಿಸುವುದಾದರೆ ಒಣ ನೈಟ್ರೋಜನ್ ಮಾತ್ರ. ರೆಗ್ಯುಲೇಟರ್ ಇಲ್ಲದೆ ಆ ಸಿಲಿಂಡರ್ ಮುಟ್ಟಬೇಡಿ. ಸುಮಾರು 150 ಪಿ.ಎಸ್.ಐ. ಸಾಕು. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ, ಅರ್ಧ ಗಂಟೆ ಗೇಜು ಇಳಿಯುತ್ತದೋ ಕಾದು ನೋಡಿ. ದಯವಿಟ್ಟು ಇದೊಂದು ಕೇಳಿ: ವೆಲ್ಡಿಂಗ್‌ನ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಇದೆ ಅಂತ ಅದನ್ನು ಜೋಡಿಸಬೇಡಿ. ಒತ್ತಡದ ಆಕ್ಸಿಜನ್ ಎಣ್ಣೆಗೆ ಸೇರಿದರೆ ಸ್ಫೋಟವಾಗುತ್ತದೆ, ಪ್ರಾಣ ಹೋಗುತ್ತದೆ. ಟಯರಿಗೆ ಹೊಡೆಯುವ ಗಾಳಿಯೂ ಬೇಡ. ಅದರಲ್ಲಿ ತೇವ ಇರುತ್ತದೆ. ಜೊತೆಗೆ ಒತ್ತಡದಲ್ಲಿ ಗಾಳಿ ಮತ್ತು ಆರ್-134ಎ ಬೆರೆತರೆ ಉರಿಯುವ ಅಪಾಯವೂ ಇದೆ.

ಮಲೆನಾಡಿನ ತೇವ

ಸೋರಿಕೆ ಸರಿಮಾಡಿದ ಮೇಲೆ ವ್ಯಾಕ್ಯೂಮ್ ಪಂಪು ಹಚ್ಚಿ ಒಳಗಿನ ಗಾಳಿ, ತೇವ ಎರಡನ್ನೂ ತೆಗೆಯಬೇಕು. ಬಯಲುಸೀಮೆಗಿಂತ ನಮಗೆ ಇದು ಹೆಚ್ಚು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಗೋಡೆಯೂ ಬೆವರುತ್ತದೆ. ಪೈಪು ಬಿಚ್ಚಿ ಬಾಯಿ ಮುಚ್ಚದೆ ಒಂದು ರಾತ್ರಿ ಬಿಟ್ಟರೆ ಡ್ರೈಯರ್ ಬಾಟ್ಲಿ ತೇವ ಕುಡಿದುಬಿಡುತ್ತದೆ, ಎಣ್ಣೆಯೂ ತೇವ ಎಳೆದುಕೊಳ್ಳುತ್ತದೆ. ಹಾಗೆ ತೆರೆದು ಬಿಟ್ಟಿದ್ದರೆ ಡ್ರೈಯರ್ ಬದಲಿಸಲೇಬೇಕು. ಬಿಚ್ಚಿದ ಕೂಡಲೇ ಬಾಯಿಗೆ ಬಿರಡೆ ಹಾಕಿ. ಕಾಫಿ ಬೀಜವನ್ನು ಸರಿಯಾಗಿ ಒಣಗಿಸದೆ ಮೂಟೆ ಕಟ್ಟಿದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ತೇವ ಉಳಿದರೆ ಗುರುತು ಇದು: ಎ.ಸಿ. ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಬಿಸಿಗಾಳಿ. ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ತಂಪು. ವಾಲ್ವಿನ ಕಿಂಡಿಯಲ್ಲಿ ನೀರು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಕರಗಿದಾಗ ತೆರೆಯುತ್ತದೆ. ಇದನ್ನು ಗ್ಯಾಸ್ ಕಡಿಮೆ ಅಂತ ತಿಳಿದು ಮತ್ತೆ ತುಂಬುವವರು ಇದ್ದಾರೆ.

ಇಲ್ಲಿ ಇನ್ನೊಂದು ವಿಷಯ. ಪುಸ್ತಕದಲ್ಲಿ ನೀಲಿ ಗೇಜು 29-30 ಇಂಚು ವ್ಯಾಕ್ಯೂಮ್ ತೋರಿಸಬೇಕು ಅಂತ ಇರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಎತ್ತರಕ್ಕೆ ಹೋದಂತೆ ಗಾಳಿಯ ಭಾರ ಕಡಿಮೆ. ಸಕಲೇಶಪುರದಲ್ಲಿ ಪಂಪು ಎಷ್ಟೇ ಒಳ್ಳೆಯದಿದ್ದರೂ ಗೇಜು ಸುಮಾರು 27 ಇಂಚಿಗೇ ನಿಲ್ಲುತ್ತದೆ. ಇದು ತಿಳಿಯದೆ ಪಂಪು ಕೆಟ್ಟಿದೆ ಅಂತ ರಿಪೇರಿಗೆ ಕೊಟ್ಟವರಿದ್ದಾರೆ, ಎಲ್ಲೋ ಸೋರುತ್ತಿದೆ ಅಂತ ಇಡೀ ದಿನ ಹುಡುಕಿದವರಿದ್ದಾರೆ. ಗೇಜಿನ ಅಂಕಿಯನ್ನೇ ನೋಡುತ್ತಾ ಕೂರಬೇಡಿ. ಪಂಪು ನಿಲ್ಲಿಸಿ ವಾಲ್ವು ಮುಚ್ಚಿದ ಮೇಲೆ ಮುಳ್ಳು ಇದ್ದಲ್ಲೇ ಇರುತ್ತದೆಯೇ ನೋಡಿ. ಅದೇ ನಿಜವಾದ ಪರೀಕ್ಷೆ.

ಮತ್ತೆ, ಚಳಿಯ ದಿನ ಒಳಗಿನ ತೇವ ಆವಿಯಾಗುವುದು ನಿಧಾನ. ಆದ್ದರಿಂದ ಮಳೆಗಾಲದಲ್ಲಿ ಅವಸರ ಬೇಡ. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಪಂಪು ಓಡಿಸಿ, ಆಮೇಲೆ ಇಪ್ಪತ್ತು ನಿಮಿಷ ಕಾಯಿರಿ. ಆ ಹೊತ್ತಿಗೆ ಒಂದು ಕಾಫಿ ಕುಡೀರಿ, ಬೀಡಿ ಮಾತ್ರ ಬೇಡ. ಯಾಕೆ ಬೇಡ ಅಂತಲೂ ಹೇಳ್ತೀನಿ.

ತುಂಬುವ ಕ್ರಮ

ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಆರ್-134ಎ ದ್ರವ ಹೊರಗೆ ಬಂದರೆ ಸೊನ್ನೆಗಿಂತ ಕೆಳಗೆ ಸುಮಾರು 26 ಡಿಗ್ರಿಯಲ್ಲಿ ಕುದಿಯುತ್ತದೆ. ಚರ್ಮಕ್ಕೆ ತಾಗಿದರೆ ಸುಟ್ಟಂತೆ ಆಗುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಾಗಿಲು ತೆರೆದ ಶೆಡ್ಡಿನಲ್ಲಿ ಕೆಲಸ ಮಾಡಿ. ಈ ಗ್ಯಾಸು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ, ಗುಂಡಿಯಲ್ಲಿ ಕೆಲಸ ಮಾಡುವವನಿಗೆ ಉಸಿರು ಕಟ್ಟಬಹುದು. ಬೆಂಕಿಗೆ, ಬೀಡಿಯ ಕೆಂಡಕ್ಕೆ ಸಿಕ್ಕಿದರೆ ಅದರಿಂದ ವಿಷಾನಿಲ ಹುಟ್ಟುತ್ತದೆ.

ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಳ್ಳಿ. ಮೊದಲ ಭಾಗವನ್ನು ಎಂಜಿನ್ ನಿಂತಿರುವಾಗಲೇ ಬಿಡಿ. ಆಮೇಲೆ ಕೆಂಪು ವಾಲ್ವನ್ನು ಪೂರ್ತಿ ಮುಚ್ಚಿ ಎಂಜಿನ್ ಚಾಲೂ ಮಾಡಿ, ಉಳಿದದ್ದನ್ನು ನೀಲಿ ಬದಿಯಿಂದ ನಿಧಾನವಾಗಿ, ಡಬ್ಬಿ ನೆಟ್ಟಗೆ ಇಟ್ಟು, ಆವಿಯಾಗಿ ಬಿಡಿ. ಡಬ್ಬಿ ತಲೆಕೆಳಗು ಮಾಡಿದರೆ ದ್ರವ ನೇರ ಕಂಪ್ರೆಸರಿಗೆ ಹೋಗಿ ಅದು ಮುರಿಯುತ್ತದೆ. ಎಂಜಿನ್ ಓಡುವಾಗ ಕೆಂಪು ವಾಲ್ವು ತೆರೆದರೆ ಒತ್ತಡ ಡಬ್ಬಿಯೊಳಕ್ಕೆ ನುಗ್ಗಿ ಡಬ್ಬಿ ಸಿಡಿಯಬಹುದು. ಚಳಿಗೆ ಗ್ಯಾಸು ನಿಧಾನವಾದರೆ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ. ಸ್ಟೌವ್, ಗ್ಯಾಸ್ ಕಟ್ಟರ್ ಹತ್ತಿರಕ್ಕೂ ಬೇಡ.

ಕಿಟ್ ತಯಾರಿಸಿದವರು ಹೇಳಿದ ಗ್ರಾಂ ಗೊತ್ತಿದ್ದರೆ ಅಷ್ಟೇ ತುಂಬಿ. ಮಾರಿದವರನ್ನು ಫೋನ್ ಮಾಡಿ ಕೇಳಿ. ಎಲ್ಲೂ ಸಿಗದಿದ್ದರೆ, ಬೆಳಗಿನ ಚಳಿಯಲ್ಲಿ ಬೇಡ, ಮಧ್ಯಾಹ್ನದ ಬಿಸಿಲಿಗೆ ಗಾಡಿ ನಿಲ್ಲಿಸಿ ಕೆಲಸ ಮಾಡಿ. ಸಣ್ಣ ಗಾಡಿಗಳಿಗೆ ಸಾಮಾನ್ಯವಾಗಿ ಅರ್ಧ ಕೆ.ಜಿ.ಯ ಆಸುಪಾಸು ಸಾಕಾಗುತ್ತದೆ. ಅದಕ್ಕಿಂತ ಸಾಕಷ್ಟು ಕಡಿಮೆಯಲ್ಲೇ ನಿಲ್ಲಿಸಿ, ಆಮೇಲೆ 50 ಗ್ರಾಂ, 50 ಗ್ರಾಂ ಹಾಕಿ ಐದೈದು ನಿಮಿಷ ಕಾಯಿರಿ. ಪ್ರತಿ ಸಲ ಗಾಳಿಕಿಂಡಿಯ ಉಷ್ಣಾಂಶ ಬರೆಯಿರಿ. ತಂಪು ಹೆಚ್ಚುವುದು ನಿಂತು ಕೆಂಪು ಗೇಜು ಮಾತ್ರ ಏರತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಸೈಟ್ ಗ್ಲಾಸಿನ ಗುಳ್ಳೆ ಪೂರ್ತಿ ಹೋಗಲಿ ಅಂತ ಹಟ ಬೇಡ. ಆರ್-134ಎ ಗ್ಯಾಸಿನಲ್ಲಿ ಪ್ರಮಾಣ ಸರಿ ಇದ್ದರೂ ಕೆಲವೊಮ್ಮೆ ಗುಳ್ಳೆ ಕಾಣುತ್ತದೆ.

ಪರೀಕ್ಷೆ ಇಲ್ಲದೆ ಕೀ ಕೊಡಬೇಡಿ

ಒಬ್ಬ ಹುಡುಗ ಬೆಳಿಗ್ಗೆ ನನ್ನ ಹತ್ತಿರ ಬಂದು ನಮ್ಮ ಕ್ಲಿನಿಕ್‌ನ ಥರ್ಮಾಮೀಟರ್ ಕೇಳಿದ. ಅಪ್ಪಾ, ಅದು ಜ್ವರ ನೋಡುವುದು, 35 ಡಿಗ್ರಿಯಿಂದ ಮೇಲಕ್ಕೆ ಮಾತ್ರ ಗೊತ್ತು ಅದಕ್ಕೆ! ತಂಪು ಅಳೆಯುವ ಉಷ್ಣಮಾಪಕ ಬೇರೆ ತಗೊಳ್ಳಿ, ದುಬಾರಿಯಲ್ಲ.

ಮೊದಲು ಹೊರಗಿನ ಉಷ್ಣಾಂಶ ಬರೆಯಿರಿ. ಎಂಜಿನ್ ಸುಮಾರು 1500 ಸುತ್ತಿನಲ್ಲಿ, ಬ್ಲೋವರ್ ಹಾಕಿ, ಹತ್ತು ನಿಮಿಷ ಬಿಟ್ಟು ನಡುವಿನ ಗಾಳಿಕಿಂಡಿಯಲ್ಲಿ ಅಳೆಯಿರಿ. ಎರಡೂ ಗೇಜು ಓದಿ. ಎರಡೂ ಕಡಿಮೆ ಇದ್ದರೆ ಗ್ಯಾಸು ಕಡಿಮೆ ಇರಬಹುದು. ಎರಡೂ ಹೆಚ್ಚಿದ್ದರೆ ಗ್ಯಾಸು ಜಾಸ್ತಿಯಾಗಿದೆ, ಇಲ್ಲವೇ ಕಂಡೆನ್ಸರ್‌ಗೆ ಗಾಳಿ ಸಾಲದು, ಇಲ್ಲವೇ ಒಳಗೆ ಗಾಳಿ ಸೇರಿದೆ. ನೀಲಿ ಹೆಚ್ಚು, ಕೆಂಪು ಕಡಿಮೆ ಇದ್ದರೆ ಕಂಪ್ರೆಸರ್ ಸವೆದಿದೆ. ನೀಲಿ ವ್ಯಾಕ್ಯೂಮಿಗೆ ಇಳಿದರೆ ಎಲ್ಲೋ ಕಟ್ಟಿಕೊಂಡಿದೆ.

ಆದರೆ 18 ಡಿಗ್ರಿಯ ಬೆಳಿಗ್ಗೆ ಕಾಯಿಲೆಯ ಎ.ಸಿ.ಯೂ ತಂಪು ಕೊಡುತ್ತದೆ. ಅದು ಪರೀಕ್ಷೆ ಅಲ್ಲ. ಬಿಸಿಲಿನಲ್ಲಿ, ಬಾಗಿಲು ತೆರೆದು, ಬ್ಲೋವರ್ ಪೂರ್ತಿ ಹಾಕಿ, ಗಾಡಿ ನಿಂತಲ್ಲೇ ಕಾಲು ಗಂಟೆ ಓಡಿಸಿ ನೋಡಿ. ಯಂತ್ರಕ್ಕೆ ಆಗ ನಿಜವಾದ ಭಾರ ಬೀಳುತ್ತದೆ. ಕೆಂಪು ಗೇಜಿನ ಮೇಲೆ ಕಣ್ಣಿರಲಿ. ಕಂಡೆನ್ಸರ್ ಫ್ಯಾನ್ ತಿರುಗುತ್ತದೆಯೇ, ಎಂಜಿನ್ ಬಿಸಿಯಾಗುತ್ತದೆಯೇ ನೋಡಿ. ಒತ್ತಡ ಹೆಚ್ಚಾದರೆ ನಿಲ್ಲಿಸುವ ಸ್ವಿಚ್ಚು ಇದೆಯೇ ನೋಡಿ, ಇಲ್ಲದಿದ್ದರೆ ಮಾಲೀಕರಿಗೆ ಹೇಳಿ ಹಾಕಿಸಿ. ಬ್ಯಾಟರಿಯಿಂದ ಕ್ಲಚ್ಚಿಗೆ ಹೋಗುವ ವೈರಿಗೆ ಫ್ಯೂಸು, ರಿಲೇ ಇದೆಯೇ ನೋಡಿ. ಹೊರಗಿನ ಕಿಟ್‌ಗಳಲ್ಲಿ ನೇರ ವೈರು ಎಳೆದುಬಿಟ್ಟಿರುತ್ತಾರೆ, ಬೆಂಕಿ ಹತ್ತುವುದು ಅಲ್ಲಿಂದ. ಕೂಲಿಂಗ್ ಕಾಯಿಲ್‌ನ ನೀರು ಹೊರಗೆ ತೊಟ್ಟಿಕ್ಕುತ್ತಿದೆಯೇ ಎಂದೂ ನೋಡಿ, ಇಲ್ಲವಾದರೆ ಮ್ಯಾಟ್ ಕೆಳಗೆ ಬೂಷ್ಟು ಹಿಡಿಯುತ್ತದೆ.

ಇಷ್ಟಾದ ಮೇಲೆ ಒಂದು ಚೀಟಿ ಬರೆಯಿರಿ: ದಿನಾಂಕ, ಯಾವ ಗ್ಯಾಸು, ಎಷ್ಟು ಗ್ರಾಂ, ಯಾವ ಎಣ್ಣೆ, ಆ ದಿನದ ಉಷ್ಣಾಂಶ, ಎರಡು ಗೇಜಿನ ಅಂಕಿ, ಗಾಳಿಕಿಂಡಿಯ ಅಂಕಿ. ಬಾನೆಟ್ ಕೆಳಗೆ ಅಂಟಿಸಿ, ಒಂದು ಪ್ರತಿ ನಿಮ್ಮ ಪುಸ್ತಕದಲ್ಲಿರಲಿ. ಮುಂದಿನ ಸಲ ಗಾಡಿ ಬಂದಾಗ ನೀವಿರಲಿ, ಬೇರೆಯವರಿರಲಿ, ಅಂದಾಜು ಮಾಡಬೇಕಿಲ್ಲ.

ಅಡುಗೆ ಗ್ಯಾಸು ಖಂಡಿತ ಬೇಡ

ಅಗ್ಗವಾಗುತ್ತದೆ ಅಂತ ಕೆಲವರು ಕಾರಿನ ಎ.ಸಿ.ಗೆ ಅಡುಗೆ ಗ್ಯಾಸು ತುಂಬುತ್ತಾರೆ. ತಂಪು ಕೊಡುತ್ತದೆ ನಿಜ. ಆದರೆ ಕೂಲಿಂಗ್ ಕಾಯಿಲ್ ಇರುವುದು ಪ್ರಯಾಣಿಕರು ಕೂತಿರುವ ಕಡೆ. ಅಲ್ಲಿ ಸೋರಿದರೆ, ಕಿಟಕಿ ಮುಚ್ಚಿದ ಗಾಡಿಯೊಳಗೆ ಒಂದು ಕಿಡಿ ಸಾಕು. ಗುಂಡ್ಯದಲ್ಲಿ ನಮ್ಮ ವ್ಯಾನಿನೊಳಗೆ ತುಂಬಿದ್ದು ಆ ಗ್ಯಾಸಾಗಿದ್ದರೆ ಈ ಮಾತು ಹೇಳಲು ನಾನು ಇಲ್ಲಿ ನಿಂತಿರುತ್ತಿರಲಿಲ್ಲ.

ಆಕಾಶದ ಲೆಕ್ಕ

ಹಳೆಯ ಗ್ಯಾಸನ್ನು 'ಸುಯ್' ಅಂತ ಗಾಳಿಗೆ ಬಿಡುವ ಅಭ್ಯಾಸ ಇದೆ. ಹಿಂದಿನ ಕಾರುಗಳ ಆರ್-12 ಗ್ಯಾಸು ಭೂಮಿಯನ್ನು ಕಾಯುವ ಓಝೋನ್ ಪದರವನ್ನೇ ಕೊರೆಯುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು, 2010ರ ಹೊತ್ತಿಗೆ ಅಂಥ ಗ್ಯಾಸುಗಳ ತಯಾರಿ ನಿಂತಿತು. ಆರ್-134ಎ ಓಝೋನ್ ಪದರಕ್ಕೆ ಹಾನಿ ಮಾಡದು. ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಬಲವಾದದ್ದು. ಒಂದು 450 ಗ್ರಾಂ ಡಬ್ಬಿಯನ್ನು ಗಾಳಿಗೆ ಬಿಟ್ಟರೆ, ಲೀಟರಿಗೆ 15 ಕಿ.ಮೀ. ಓಡುವ ಪೆಟ್ರೋಲ್ ಕಾರಿನಲ್ಲಿ ಸಕಲೇಶಪುರದಿಂದ ಮಂಗಳೂರಿಗೆ ಹದಿನೈದು ಸಲ ಹೋಗಿಬಂದಷ್ಟು ಹಾನಿ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿಕೊಂಡಿದೆ. ಅದರಂತೆ 2032ರಿಂದ ಇಂಥ ಗ್ಯಾಸುಗಳ ಬಳಕೆಯನ್ನು ಹಂತಹಂತವಾಗಿ ಇಳಿಸಬೇಕು. ಹಾಗಾಗಿ ಹಳೆಯ ಗ್ಯಾಸನ್ನು ರಿಕವರಿ ಯಂತ್ರದಿಂದ ಸಿಲಿಂಡರಿಗೆ ಹಿಡಿಯುವುದನ್ನು ಕಲಿಯಿರಿ. ಒಬ್ಬರಿಗೆ ಯಂತ್ರ ಕೊಳ್ಳಲು ಕಷ್ಟವಾದರೆ ನಾಲ್ಕು ಗ್ಯಾರೇಜಿನವರು ಸೇರಿ ಕೊಳ್ಳಿ. ನಮ್ಮ ಸ್ವಸಹಾಯ ಸಂಘಗಳು ನಡೆಯುವುದೇ ಹಾಗಲ್ಲವೇ? ಮಳೆ ಹಿಂದೆಮುಂದೆ ಆಗಿ ಕಾಫಿ ಹೂವು ಕೆಟ್ಟಾಗ ಮೊದಲು ಅಳುವವರು ನಾವೇ.

ಚಾಲಕ ಬಂಧುಗಳೇ, ತಾಯಂದಿರೇ,

ನೀವು ಕೇಳಬೇಕಾದ ಪ್ರಶ್ನೆಗಳು ಐದೇ:

1. ಸೋರಿಕೆ ಎಲ್ಲಿತ್ತು?
2. ವ್ಯಾಕ್ಯೂಮ್ ಎಷ್ಟು ಹೊತ್ತು ಮಾಡಿದಿರಿ?
3. ಯಾವ ಗ್ಯಾಸು, ಎಷ್ಟು ಗ್ರಾಂ?
4. ಬಿಸಿಲಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದಿರಾ?
5. ಚೀಟಿ ಎಲ್ಲಿ?

ಕೇಳುವಾಗ ಜಗಳದ ಧ್ವನಿ ಬೇಡ. ಒಂದು ಗಂಟೆ ಕಾಯುವ ತಾಳ್ಮೆಯೂ ನಿಮಗಿರಲಿ. "ಬೇಗ ಮುಗ್ಸಪ್ಪ, ಬಾಡಿಗೆ ಇದೆ" ಅಂತ ಅವಸರ ಮಾಡಿಸಿ, ಆಮೇಲೆ ಹುಡುಗರನ್ನು ಬೈದರೆ ಪ್ರಯೋಜನವಿಲ್ಲ. ಸರಿಯಾಗಿ ಮಾಡಿದ ಕೆಲಸಕ್ಕೆ ಸರಿಯಾದ ಕೂಲಿ ಕೊಡಿ.

ಯುವಕರೇ, ನಿಮಗೆ ಕೊನೆಯ ಮಾತು. ಬಾನೆಟ್ ಮುಚ್ಚಿದ ಮೇಲೆ ನೀವು ಮಾಡಿದ ಕೆಲಸ ಯಾರಿಗೂ ಕಾಣುವುದಿಲ್ಲ. ನೂರು ಗ್ರಾಂ ಹೆಚ್ಚಾದದ್ದು, ಇಪ್ಪತ್ತು ನಿಮಿಷ ಉಳಿಸಿದ್ದು ನಿಮ್ಮ ಮನಸ್ಸಿಗೆ ಮಾತ್ರ ಗೊತ್ತು. ಆ ಗಾಡಿಯಲ್ಲಿ ಯಾರು ಕೂರುತ್ತಾರೆ ಅನ್ನುವುದೂ ನಿಮಗೆ ಗೊತ್ತಿರುವುದಿಲ್ಲ. ಬಸುರಿ ಹೆಂಗಸು ಇರಬಹುದು, ಡಯಾಲಿಸಿಸ್‌ಗೆ ಹೊರಟ ಒಬ್ಬ ತಾಯಿ ಇರಬಹುದು. ತಕ್ಕಡಿ ಹಿಡಿದಾಗಲೆಲ್ಲ ಅವರನ್ನು ಒಮ್ಮೆ ನೆನೆಯಿರಿ.

ಗುಂಡ್ಯದ ಆ ಘಟನೆಯ ನಂತರ ವ್ಯಾನಿನ ಎ.ಸಿ.ಯನ್ನು ಮತ್ತೆ ಸರಿಮಾಡಿದವನು ಅದೇ ಹುಡುಗ. ಈ ಸಲ ಕಿರಾಣಿ ಅಂಗಡಿಯಿಂದ ಎಲೆಕ್ಟ್ರಾನಿಕ್ ತಕ್ಕಡಿ ಎರವಲು ತಂದಿದ್ದ. ಕೆಲಸ ಮುಗಿದ ಮೇಲೆ ತಾನೇ ಮುಂದಿನ ಸೀಟಿನಲ್ಲಿ ಕೂತು, ಕಿಟಕಿ ಮುಚ್ಚಿ, ಉಪ್ಪಿನಂಗಡಿ ತನಕ ನಮ್ಮ ಜೊತೆ ಬಂದ. ಬರಲೇಬೇಕು ಅಂತ ನಾವು ಹೇಳಿರಲಿಲ್ಲ. ನಿಮ್ಮಲ್ಲಿ ಪ್ರತಿಯೊಬ್ಬರಿಂದ ನಾನು ಕೇಳುವುದೂ ಅಷ್ಟೇ: ನೀವು ಗ್ಯಾಸ್ ತುಂಬಿದ ಗಾಡಿಯಲ್ಲಿ ಕಿಟಕಿ ಮುಚ್ಚಿಕೊಂಡು ನೀವೇ ಘಾಟಿ ಇಳಿಯುವ ಧೈರ್ಯ ಇರಬೇಕು.

ದೇವರು ನಿಮ್ಮ ಕೈಗಳನ್ನೂ ನಿಮ್ಮ ದುಡಿಮೆಯನ್ನೂ ಹರಸಲಿ.